ಸ್ಕ್ರೀನ್ ಹನ್ನೆರಡರಲ್ಲಿ ನಾನು ಕಂಡದ್ದು

ಶೈಲಜಾ, ಅವತ್ತು ನಾನು ನಿನ್ನ ಪ್ರೋಗ್ರಾಂ ಓಡಿಸಿ ನೋಡಿದ್ದೆ. ಅದು ಕೆಟ್ಟಿರುವುದನ್ನು ಕಣ್ಣಾರೆ ಕಂಡಿದ್ದೆ. ಎಲ್ಲಿ ಕೆಟ್ಟಿದೆ, ಹೇಗೆ ಸರಿಮಾಡಬೇಕು ಎಂಬುದೂ ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನಗೆ ಸುಳ್ಳು ಹೇಳಿದೆ.

ಇಷ್ಟು ಬರೆಯುವುದಕ್ಕೆ ಇಷ್ಟು ವರ್ಷ ಹಿಡಿಯಿತು. ಇನ್ನು ಉಳಿದದ್ದನ್ನೂ ಹೇಳಿಬಿಡುತ್ತೇನೆ — ಮಧ್ಯದಲ್ಲಿ ನಿಲ್ಲಿಸಿದರೆ ಮತ್ತೆ ಬಾಯಿ ಕಟ್ಟುತ್ತದೆ, ನನ್ನ ಬುದ್ಧಿ ನನಗೆ ಗೊತ್ತು.

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಜರಗನಹಳ್ಳಿಯಲ್ಲಿ ನಮ್ಮ ರಾಗಿ ಹೊಲವಿದ್ದ ಜಾಗದಲ್ಲಿ ಅಪ್ಪ ಕಟ್ಟಿಸಿದ ಕಟ್ಟಡ. ಕೆಳಗೆ ನಮ್ಮ ಮನೆ, ಮಹಡಿಯ ಮೇಲೆ ಬಾಡಿಗೆಗಿದ್ದ ಕಂಪ್ಯೂಟರ್ ಕ್ಲಾಸು. ನಾನೂ ಅಲ್ಲೇ ಕಲಿಯುತ್ತಿದ್ದೆ. ಆದರೆ ಅಲ್ಲಿ ಯಾರಿಗೂ ನಾನು ಮಂಜುಳಾ ಅಲ್ಲ, ಓನರ್ ಮಗಳು. ನಾನು ಏನು ಬರೆದು ತೋರಿಸಿದರೂ ಸರ್ ‘ಚೆನ್ನಾಗಿದೆಯಮ್ಮ, ಅಪ್ಪ ಆರಾಮಾ?’ ಎಂದು ಮುಂದಕ್ಕೆ ಹೋಗುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲವಲ್ಲ. ನೀನು ಗದಗಿನಿಂದ ಬಂದವಳು, ಬಿಟಿಎಂ ಲೇಔಟಿನ ಬಾಡಿಗೆ ಮನೆಯಲ್ಲಿ ಅಣ್ಣನ ಜೊತೆ ಇದ್ದೆ. ಬಸ್ಸು ಬದಲಾಯಿಸಿ, ಬೆವರು ಒರೆಸಿಕೊಳ್ಳುತ್ತಾ ಬರುತ್ತಿದ್ದೆ. ಸರ್ ನಿನ್ನ ಕುರ್ಚಿಯ ಹಿಂದೆ ಬಂದು ನಿಂತರೆ ಅಲ್ಲೇ ನಿಂತುಬಿಡುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು. ಇದಕ್ಕೆ ಬೇರೆ ಒಳ್ಳೆಯ ಹೆಸರಿಲ್ಲ.

ಕ್ಲಾಸಿಗೆ ಒಬ್ಬ ಲ್ಯಾಬ್ ಟೀಚರ್ ಬೇಕಾಗಿತ್ತು. ಭಾನುವಾರದ ಪ್ರದರ್ಶನದಲ್ಲಿ ಯಾರ ಪ್ರೋಗ್ರಾಂ ಎಲ್ಲಕ್ಕಿಂತ ಚೆನ್ನಾಗಿರುತ್ತದೋ ಅವರಿಗೆ ಕೆಲಸ ಎಂದು ಸರ್ ಹೇಳಿದ್ದರು. ನಿನ್ನ ಅಣ್ಣನಿಗೆ ಗುಲ್ಬರ್ಗಕ್ಕೆ ವರ್ಗವಾಗಿತ್ತು. ಕೆಲಸ ಸಿಕ್ಕರೆ ನೀನು ಹೆಂಗಸರ ಪಿಜಿಯಲ್ಲಿ ಉಳಿಯಬಹುದು, ಇಲ್ಲವಾದರೆ ಅವನ ಜೊತೆ ಗಂಟುಮೂಟೆ ಕಟ್ಟಬೇಕು. ‘ಅಲ್ಲಿ ಹೋದ್ರ ಕಂಪ್ಯೂಟರ್ ಮುಟ್ಟಾಕೂ ಸಿಗೂದಿಲ್ಲ ಮಂಜು’ ಎಂದು ನೀನು ಅಂದಿದ್ದೆ. ಅಂದದ್ದು ನನಗೇ. ನನ್ನ ಬಿಟ್ಟು ನಿನಗೆ ಇಲ್ಲಿ ಯಾರಿದ್ದರು?

ನಿನ್ನ ಚುಕ್ಕಿ ರಂಗೋಲಿಯ ಪ್ರೋಗ್ರಾಂ. ಮೊದಲು ಚುಕ್ಕಿಗಳು, ಆಮೇಲೆ ಕಮಾನಿನಂಥ ಎಸಳುಗಳು, ಎಸಳುಗಳನ್ನು ಕೂಡಿಸುವ ಗೆರೆಗಳು, ಕೊನೆಗೆ ಬಣ್ಣ. ನಾವು ಕಲಿಯುತ್ತಿದ್ದ ಕ್ಯೂಬೇಸಿಕ್ ಭಾಷೆಯಲ್ಲಿ ಬಣ್ಣ ತುಂಬುವ ಆಜ್ಞೆ ಪೇಂಟ್. ಗೆರೆ ಸುತ್ತಲೂ ಮುಚ್ಚಿದ್ದರೆ ಬಣ್ಣ ಒಳಗೇ ನಿಲ್ಲುತ್ತದೆ. ಒಂದೇ ಒಂದು ಚುಕ್ಕಿಯಷ್ಟು ಸಂದು ಬಿಟ್ಟರೂ ಹೊರಗೆ ನುಗ್ಗಿ ಇಡೀ ಪರದೆಯನ್ನು ನುಂಗುತ್ತದೆ. ಮೊದಮೊದಲು ನಿನ್ನ ಬಣ್ಣ ಹೀಗೆ ನುಗ್ಗಿದಾಗಲೆಲ್ಲ ಇಬ್ಬರೂ ಸೇರಿ ಸಂದು ಹುಡುಕುತ್ತಿದ್ದೆವು. ಪೇಂಟ್ ಸಾಲನ್ನು ತೆಗೆದುಹಾಕಿ, ಬರೀ ಗೆರೆಗಳನ್ನು ಬಿಳಿಯಲ್ಲಿ ಬರೆಯಿಸಿ, ಮಾನಿಟರಿನ ಗಾಜಿನ ಮೇಲೆ ಬೆರಳಿಟ್ಟು ಗೆರೆಯ ಹಿಂದೆಯೇ ಹೋಗುವುದು. ಬೆರಳು ಎಲ್ಲಿ ಎಡವಿತೋ ಅಲ್ಲಿ ತಪ್ಪು. ಮನೆ ಮುಂದೆ ರಂಗೋಲಿ ಹಾಕಿ ಬೆಳೆದ ಹುಡುಗಿಯರು ನಾವು. ಗೆರೆ ಕೂಡದಿದ್ದರೆ ಅಮ್ಮಂದಿರ ಹತ್ತಿರ ಬೈಸಿಕೊಂಡವರು. ಗಾಜೆಲ್ಲ ಬೆರಳಿನ ಗುರುತಾಗಿ ಸರ್ ಗೊಣಗುತ್ತಿದ್ದರು, ನಾವು ನಗುತ್ತಿದ್ದೆವು. ಆಗ ನನ್ನಲ್ಲಿ ವಿಷವಿರಲಿಲ್ಲ — ಇತ್ತೋ ಏನೋ —

ನಮ್ಮ ಹಳೆಯ ಮಷೀನುಗಳಲ್ಲಿ ಸ್ಕ್ರೀನ್ ಒಂಬತ್ತು ಎಂಬ ಅಳತೆಯವರೆಗೆ ಮಾತ್ರ ಚಿತ್ರ ಬರುತ್ತಿತ್ತು. ಶನಿವಾರ ಸರ್ ನಿನಗೆ, ‘ನಾಳೆ ನನ್ನ ರೂಮಿನ ಹೊಸ ಮಷೀನಿನಲ್ಲೇ ತೋರ್ಸಮ್ಮ, ಹನ್ನೆರಡು ಅಂತ ಬದಲಾಯಿಸ್ಕೋ, ಚಿತ್ರ ಇನ್ನೂ ನುಣುಪಾಗಿ ಬರುತ್ತೆ’ ಅಂದರು. ನೀನು ಮೊದಲ ಸಾಲಿನಲ್ಲಿ ಒಂಬತ್ತನ್ನು ಹನ್ನೆರಡು ಮಾಡಿ ಫ್ಲಾಪಿಗೆ ಹಾಕಿದೆ. ಆ ರೂಮಿಗೆ ಬೀಗ, ಬೀಗದ ಕೈ ನಮ್ಮ ಮನೆಯಲ್ಲಿ. ಅಣ್ಣ ಸಾಮಾನು ಕಟ್ಟುತ್ತಿದ್ದಾನೆ, ಹೋಗಬೇಕು ಎಂದು ನೀನು ಫ್ಲಾಪಿಯನ್ನು ನನ್ನ ಕೈಗಿಟ್ಟೆ. ‘ಒಂದ್ಸಲ ಓಡಿಸಿ ನೋಡ್ತಿ ಏನ? ಏನರ ಆಗಿದ್ರ ಹೇಳು, ಮುಂಜಾನೆ ಲಗೂನ ಬಂದು ಸರಿಮಾಡ್ತೀನಿ.’

ಮಧ್ಯಾಹ್ನ ಊಟ ಮುಗಿಸಿ ಮೇಲೆ ಹೋದೆ. ಗೆರೆಗಳು ಬಂದವು. ಆಮೇಲೆ ಮೊದಲನೆಯ ಎಸಳಿಗೆ ಬಿದ್ದ ಕೆಂಪು ಹೊರಗೆ ನುಗ್ಗಿ ಪರದೆಯನ್ನೆಲ್ಲ ತುಂಬಿತು. ಕಾರಣ ಆಗಲೇ ಹೊಳೆಯಿತು. ಅಳತೆ ಬದಲಾದರೂ ದುಂಡು ದುಂಡಾಗಿಯೇ ಕಾಣಲಿ ಎಂದು ಎಸಳು ಬರೆಯುವ ಸರ್ಕಲ್ ಆಜ್ಞೆ ಕಮಾನುಗಳನ್ನು ತಾನೇ ಎತ್ತರಿಸಿಕೊಂಡಿತ್ತು. ನೀನು ಬರೆದ ಗೆರೆಗಳು ಮಾತ್ರ ಹಳೆಯ ಜಾಗದಲ್ಲೇ ಇದ್ದವು, ತುದಿ ಕೂಡಿರಲಿಲ್ಲ. ಹನ್ನೆರಡನ್ನು ತೆಗೆದು ಮತ್ತೆ ಒಂಬತ್ತು ಹಾಕಿದರೆ ಸಾಕು. ಹಾಕಿ ನೋಡಿದೆ. ಎಲ್ಲ ಸರಿಯಾಗಿ ಬಂತು. ಆಮೇಲೆ — ಕೈ ನಡುಗಿತೆಂದು ಬರೆದರೆ ಅದೂ ಸುಳ್ಳೇ — ಮತ್ತೆ ಹನ್ನೆರಡು ಹಾಕಿ, ಮೊದಲಿದ್ದಂತೆಯೇ ಮಾಡಿ ಫ್ಲಾಪಿ ತೆಗೆದೆ.

ಸಂಜೆ ನೀನು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದೆ. ‘ಹೆಂಗೈತಿ?’ ಅಂದೆ. ಹೇಳಲು ಆಗಲೂ ಸಮಯವಿತ್ತು.

‘ನೋಡ್ದೆ ಕಣೇ. ಸಖತ್ತಾಗಿ ಬಂತು.’

ಭಾನುವಾರ ತಂದೆತಾಯಿಗಳೆಲ್ಲ ಸೇರಿದ್ದರು. ನಿನ್ನ ಅಣ್ಣ ಗೋಡೆಗೆ ಒರಗಿ ನಿಂತಿದ್ದ. ಗೆರೆಗಳು ಒಂದೊಂದಾಗಿ ಮೂಡುವಾಗ ಜನ ಕತ್ತು ಉದ್ದ ಮಾಡಿ ನೋಡಿದರು. ನಾನು ಪರದೆ ನೋಡಲಿಲ್ಲ, ನಿನ್ನ ಕುತ್ತಿಗೆಯನ್ನು ನೋಡುತ್ತಿದ್ದೆ. ಅದು ಸೆಟೆದುಕೊಂಡಿತು. ‘ಅಯ್ಯೋ, ಕುಂಕುಮದ ಬಟ್ಟಲೇ ಚೆಲ್ಲಿದ ಹಾಗಾಯ್ತಲ್ಲಾ’ ಎಂದು ಯಾರೋ ಆಂಟಿ ಅಂದರು, ಎರಡು ಮೂರು ಜನ ನಕ್ಕರು. ನೀನು ಮತ್ತೆ ಓಡಿಸಿದೆ. ಮತ್ತೆ ಕೆಂಪು. ಪೇಂಟ್ ಸಾಲನ್ನು ತೆಗೆಯಲು ಹೋದೆ, ಬೆರಳು ತಪ್ಪಿ ಬೇರೆ ಸಾಲು ಅಳಿಸಿತು. ನಾನು ಬಗ್ಗಿ ನಿನ್ನ ಕಿವಿಯಲ್ಲಿ ‘ಒಂಬತ್ತು’ ಎಂದಿದ್ದರೆ ಸಾಕಿತ್ತು. ಅಷ್ಟು ಹತ್ತಿರವೇ ನಿಂತಿದ್ದೆ. ಸರ್ ಗಡಿಯಾರ ನೋಡಿ ಮುಂದಿನವರನ್ನು ಕರೆದರು. ಮುಂದಿನವಳು ನಾನು. ನನ್ನ ಪ್ರೋಗ್ರಾಂ ಒಂದು ಗೋಡೆ ಗಡಿಯಾರ, ಮುಳ್ಳು ತಿರುಗಿತು, ಎಲ್ಲರೂ ಚಪ್ಪಾಳೆ ಹೊಡೆದರು.

‘ನಿನ್ನೆ ಇದರಲ್ಲಿ ಹಾಕಿ ನೋಡಿರ್ಲಿಲ್ವೇನಮ್ಮ?’ ಎಂದು ಸರ್ ನಿನ್ನನ್ನು ಕೇಳಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ನನ್ನ ಫ್ಲಾಪಿ ತೆಗೆಯುವ ನೆಪದಲ್ಲಿ ಬಗ್ಗಿಬಿಟ್ಟೆ. ನೀನು ನನ್ನ ಕಡೆ ತಿರುಗಿಯೂ ನೋಡದೆ, ‘ಇಲ್ರಿ ಸರ್, ನಂದ ತಪ್ಪು’ ಅಂದೆ.

ಆಮೇಲೆ ಮೆಟ್ಟಿಲಲ್ಲಿ ನೀನು ನನ್ನ ಕೈ ಹಿಡಿದು ಕೇಳಿದೆ: ‘ನೋಡೂದು ಮರ್ತಿದ್ದಿ, ಹೌದಿಲ್ಲೋ? ಫೋನ್‌ನಾಗ ಹೇಳಾಕ ನಾಚಿಕಿ ಆಗಿರಬೇಕ. ಇರ್ಲಿ ಬಿಡ.’ ನಾನು ಹೂಂ ಅಂದೆ. ನೀನಾಗಿಯೇ ಒಂದು ಸಣ್ಣ ತಪ್ಪನ್ನು ನನ್ನ ಕೈಗಿಟ್ಟೆ, ಭಿಕ್ಷೆ ತೆಗೆದುಕೊಂಡಂತೆ ನಾನು ಅದನ್ನು ತೆಗೆದುಕೊಂಡೆ. ಸುಳ್ಳಿಗಿಂತ ಈ ಹೂಂ ನನ್ನನ್ನು ಹೆಚ್ಚು ಸುಟ್ಟಿದೆ.

ಕೆಲಸ ನನಗೆ ಸಿಕ್ಕಿತು. ಹುಡುಗರು ನನ್ನನ್ನು ಮೇಡಂ ಎಂದು ಕರೆದರು, ವರ್ಷಗಟ್ಟಲೆ. ಪೇಂಟ್ ಪಾಠ ಬಂದಾಗಲೆಲ್ಲ ಯಾವುದಾದರೂ ಪರದೆಯ ಮೇಲೆ ಬಣ್ಣ ಚೆಲ್ಲುತ್ತಿತ್ತು, ‘ಮೇಡಂ, ಇದ್ಯಾಕೆ ಹೀಗೆ?’ ಎಂದು ಕರೆಯುತ್ತಿದ್ದರು, ನಾನು ಹೋಗಿ ತೋರಿಸಿಕೊಡುತ್ತಿದ್ದೆ. ನಿನಗೊಬ್ಬಳಿಗೆ ತೋರಿಸಲಿಲ್ಲ. ವಯಸ್ಸು ಚಿಕ್ಕದಿತ್ತು ಎನ್ನಲಾರೆ. ನಿನಗೂ ಅದೇ ವಯಸ್ಸು.

ಇನ್ನೊಂದು ಮಾತಿದೆ, ನಿನಗೆ ಗೊತ್ತಿರುವುದೇ. ನನಗೂ ಅದು ಗೊತ್ತೆಂದು ನಿನಗೆ ತಿಳಿದಿಲ್ಲ. ಮೊದಲ ದಿನ ಲ್ಯಾಬಿನ ಬೀಗದ ಕೈ ಕೊಡುವಾಗ ಸರ್ ಹೇಳಿದರು. ನಿನಗೆ ಇನ್ನೊಂದು ಅವಕಾಶ ಕೊಡೋಣವೆಂದು ಅವರು ನಿನ್ನನ್ನು ಕರೆಸಿದ್ದರಂತೆ. ನೀನು ಬಂದು ಬೇಡವೆಂದೆಯಂತೆ. ‘ಮಂಜುಗ ಕೊಡ್ರಿ ಸರ್. ಯಾರ ಪ್ರೋಗ್ರಾಂನಾಗ ಏನ ತಪ್ಪಿದ್ರೂ ಮೊದಲ ಅಕಿ ಕಣ್ಣಿಗೇ ಬೀಳ್ತೈತಿ’ ಅಂದೆಯಂತೆ.

ಆ ಮಾತನ್ನು ನಂಬಿ ಆಡಿದೆಯೋ, ಎಲ್ಲ ತಿಳಿದು ಆಡಿದೆಯೋ — ಇವತ್ತಿಗೂ ನನಗೆ ಗೊತ್ತಿಲ್ಲ. ಸರ್ ಅದನ್ನು ಹೇಳಿದಾಗ ನೀನು ಇನ್ನೂ ಊರಲ್ಲೇ ಇದ್ದೆ, ನಿನ್ನ ರೈಲು ಮರುದಿನ ಸಂಜೆಗಿತ್ತು. ಅದು ನನಗೆ ಗೊತ್ತಿತ್ತು. ‘ಥ್ಯಾಂಕ್ಸ್ ಸರ್’ ಎಂದು ಬೀಗದ ಕೈ ತೆಗೆದುಕೊಂಡು, ಹೋಗಿ ಕ್ಲಾಸು ಶುರುಮಾಡಿದೆ.