ಸೊಟ್ಟ ಹೆಡ್ಡಿನ ಟೇಪ್ ರೆಕಾರ್ಡರ್

ನಮ್ಮ ಲೆಕ್ಕದ ಮೇಡಂ ತುರುಬಿನಲ್ಲಿ ಕನಕಾಂಬರದ ಜೊತೆ ಒಂದು ಪುಟ್ಟ ಸ್ಕ್ರೂಡ್ರೈವರನ್ನೂ ಸಿಕ್ಕಿಸಿಕೊಂಡಿರುತ್ತಿದ್ದರು. ಗುಬ್ಬಿಯ ನಮ್ಮ ಶಾಲೆಗೆ ಹೊಸದಾಗಿ ಬಂದವರು ಅದನ್ನು ಕಂಡು ಕಣ್ಣು ಕಣ್ಣು ಬಿಡುತ್ತಿದ್ದರು. ನಮಗೆ ಹೂವೂ ಒಂದೇ, ಅದೂ ಒಂದೇ ಆಗಿತ್ತು.

ಪರದೇಶದಲ್ಲಿದ್ದ ಅವರ ಅಣ್ಣ ಒಂದು ಕಂಪ್ಯೂಟರ್ ತಂದುಕೊಟ್ಟಿದ್ದರು. ನೋಡಲು ಬರೀ ಕೀಬೋರ್ಡು, ಟೀವಿಗೆ ಸಿಕ್ಕಿಸಬೇಕು. ಕರೆಂಟ್ ಹೋದರೆ ಬರೆದದ್ದೆಲ್ಲ ಮಾಯ. ಅದಕ್ಕೇ ಪ್ರೋಗ್ರಾಮನ್ನು ಸದ್ದಾಗಿ ಕ್ಯಾಸೆಟ್ಟಿನಲ್ಲಿ ತುಂಬಿಡಬೇಕು. ಬೇಕಾದಾಗ ಟೇಪ್ ರೆಕಾರ್ಡರ್ ಕಿರುಚಬೇಕು, ಕಂಪ್ಯೂಟರ್ ಕೇಳಿಸಿಕೊಳ್ಳಬೇಕು. ಅದಕ್ಕೆ ಕನ್ನಡ ಬರುತ್ತಿರಲಿಲ್ಲ. ಮೇಡಂ ಒಂದು ಬೇಸಿಗೆ ರಜೆಯಿಡೀ ಚೌಕಳಿ ಹಾಳೆಯ ಮೇಲೆ ರಂಗೋಲಿಯ ಹಾಗೆ ಚುಕ್ಕಿ ಇಟ್ಟು, ಬೇಕಾದಷ್ಟು ಅಕ್ಷರ ಮಾತ್ರ ಕಲಿಸಿ, ಮಗ್ಗಿ ಕೇಳುವ ಪ್ರೋಗ್ರಾಂ ಬರೆದರು. ಉತ್ತರ ತಪ್ಪಿದರೆ, ಅವರು ಕ್ಲಾಸಿನಲ್ಲಿ ಹೇಳುತ್ತಿದ್ದ ಮಾತೇ ಟೀವಿಯಲ್ಲಿ ಬರುತ್ತಿತ್ತು: “ಇರ್ಲಿ ಬುಡು. ಇನ್ನೊಂದ್ಸಲ ಹೇಳು.”

ಹೆಡ್ಮಾಸ್ಟರಿಗೆ ಇದು ಹಿಡಿಸಲಿಲ್ಲ. “ಯಂತ್ರ ಹಿಂಗಾ ಮಾತಾಡೋದು ಮೇಡಂ?”

“ಯಂತ್ರ ಎಲ್ಲಿ ಮಾತಾಡ್ತು ಸಾರ್? ನಾನಲ್ವಾ ಮಾತಾಡ್ತಿರೋದು” ಎಂದರು ಮೇಡಂ. ಒಂದಕ್ಷರ ಬದಲಿಸಲಿಲ್ಲ.

ನಿವೃತ್ತಿಯಾದ ಮೇಲೂ ಆ ಕಂಪ್ಯೂಟರನ್ನು ಸಾಕಿಕೊಂಡೇ ಇದ್ದರು. ಹೊಸ ಟೀವಿಗೆ ಅದು ಒಗ್ಗಲಿಲ್ಲವೆಂದು, ಯಾರೋ ಎಸೆಯಲಿದ್ದ ಹಳೇ ಡಬ್ಬಾ ಟೀವಿಯನ್ನು ಹೊತ್ತು ತಂದರು. ನಾನು ತುಮಕೂರಿನಲ್ಲಿ ಬ್ಯಾಂಕ್ ಕೆಲಸಕ್ಕೆ ಸೇರಿ, ತಲೆ ನೆರೆತ ಮೇಲೂ, ಅವರ ಮನೆಗೆ ಹೋದರೆ ಮೊದಲು ಮಗ್ಗಿ, ಆಮೇಲೆ ಕಾಫಿ.

ಒಮ್ಮೆ ಟೇಪ್ ರೆಕಾರ್ಡರಿನ ಬೆಲ್ಟ್ ಹರಿಯಿತು. ಮೇಡಂ ಅದನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ತುಮಕೂರಿನ ರೇಡಿಯೋ ರಿಪೇರಿ ಅಂಗಡಿಗೆ ತಂದರು. ರಿಪೇರಿಯವನು ಒಳ್ಳೆಯವನು, ಅದೇ ತೊಂದರೆಯಾಯಿತು. ಬೆಲ್ಟ್ ಹಾಕಿದ ಮೇಲೆ, “ಟೇಪ್ ಓದೋ ಹೆಡ್ಡು ಸೊಟ್ಟಗಿತ್ತಮ್ಮ, ನೆಟ್ಟಗೆ ಮಾಡಿದೀನಿ” ಎಂದನಂತೆ.

ಸೊಟ್ಟ ಹೆಡ್ಡಿನಲ್ಲಿ ತುಂಬಿದ್ದನ್ನು ಅಷ್ಟೇ ಸೊಟ್ಟಗಿರುವ ಹೆಡ್ಡೇ ಓದಬೇಕು. ಹಾಡಿನ ಕ್ಯಾಸೆಟ್ಟುಗಳು ಚೆನ್ನಾಗಿ ಹಾಡಿದವು. ಮಗ್ಗಿಯದು ಮಾತ್ರ ಕಂಪ್ಯೂಟರಿಗೆ ಕೇಳಿಸಲಿಲ್ಲ. ಇದ್ದದ್ದು ಅದೊಂದೇ ಕ್ಯಾಸೆಟ್ಟು.

“ಮಗ್ಗಿ ಹೋಯ್ತು ಕಣೇ” ಎಂದು ಫೋನ್ ಮಾಡಿದರು. ಆ ದನಿಯನ್ನು ನಾನು ಅವರಿಂದ ಎಂದೂ ಕೇಳಿರಲಿಲ್ಲ. ಅರ್ಧ ದಿನ ರಜೆ ಹಾಕಿ ಹೋದೆ.

ಹೆಡ್ಡು ಸರಿಯಾದ ಓರೆಗೆ ಬಂದಾಗ ಸದ್ದು ಚೂಪಾಗುತ್ತದೆ, ಇಲ್ಲದಿದ್ದರೆ ಮಂಕು. ಆದರೆ ವಯಸ್ಸಾದ ಮೇಡಂ ಕಿವಿಗೆ ಸಣ್ಣ ಸದ್ದುಗಳು ಕೇಳುತ್ತಿರಲಿಲ್ಲ. “ಹೆಡ್ಡಿನ ಸ್ಕ್ರೂ ನಾನು ತಿರುಗಿಸ್ತೀನಿ, ಕಿವಿ ನಿಂದು” ಎಂದು ತುರುಬಿಗೆ ಕೈ ಹಾಕಿದರು. ಕೂದಲೆಳೆಯಷ್ಟು ತಿರುಗಿಸುವುದು, ಕಾಯುವುದು. ಪ್ರತಿ ಸಲವೂ ಇನ್ನೇನು ಮುಗಿಯಿತು ಎನ್ನುವಾಗ ಕಂಪ್ಯೂಟರ್ ಕೈಕೊಡುತ್ತಿತ್ತು. ನನಗೆ ರೇಗಿತು. “ಆಗಲ್ಲ ಮೇಡಂ, ಎತ್ತಿಡಿ.”

“ಇರ್ಲಿ ಬುಡು. ಇನ್ನೊಂದ್ಸಲ ಕೇಳು.”

ಕೇಳಿದೆ. ಸದ್ದು ಚೂಪಾಯಿತು. “ಈಗ ಮೇಡಂ, ಮುಟ್ಬೇಡಿ!” ಎಂದು ಕೂಗಿದೆ. ಸ್ವಲ್ಪ ಹೊತ್ತಿಗೆ ಟೀವಿ ಕೇಳಿತು: ಏಳೆಂಟ್ಲ ಎಷ್ಟು?

ಮೇಡಂ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸೊಸೆಯ ನೇಲ್ ಪಾಲಿಶ್ ತಂದು, ಇನ್ಯಾರೂ ಅಲುಗಿಸದಂತೆ ಸ್ಕ್ರೂ ಮೇಲೊಂದು ಕೆಂಪು ಬೊಟ್ಟಿಟ್ಟರು. “ಟೇಪಿನ ಆಯಸ್ಸು ಯಾರಿಗೆ ಗೊತ್ತು, ನಿನ್ನ ಫೋನಿಗೂ ತುಂಬ್ಕೊ” ಎಂದರು.

ಕಳೆದ ಕಾರ್ತಿಕದಲ್ಲಿ ಮೇಡಂ ಹೋದರು. ಕಂಪ್ಯೂಟರನ್ನೂ ಡಬ್ಬಾ ಟೀವಿಯನ್ನೂ ಅವರ ಸೊಸೆ ನನಗೆ ಕೊಟ್ಟರು. ಟೇಪ್ ರೆಕಾರ್ಡರಿನ ಮೋಟಾರು ಈಗ ನಿಂತಿದೆ. ಫೋನಿಗೆ ವೈರ್ ಸಿಕ್ಕಿಸಿ, ಕರೆ ಬರದಂತೆ ಮಾಡಿ, ಅಂದು ತುಂಬಿಕೊಂಡ ಸದ್ದು ಹಾಕಿ, ವಾಲ್ಯೂಮ್ ಪೂರ್ತಿ ಏರಿಸುತ್ತೇನೆ. ಕಂಪ್ಯೂಟರ್ ಕೇಳಿಸಿಕೊಳ್ಳುತ್ತದೆ. ಮೇಡಂ ಇಲ್ಲ ಎನ್ನುವುದು ನನಗಿನ್ನೂ ರೂಢಿಯಾಗಿಲ್ಲ.

ಏಳೆಂಟ್ಲ ಐವತ್ತಾರು. ನನಗೆ ಚೆನ್ನಾಗಿ ಗೊತ್ತು. ಬೇಕೆಂದೇ ತಪ್ಪು ಒತ್ತುತ್ತೇನೆ.