ಅಕ್ಕನ ಅಂಜಿಕೆ

ಮೊನ್ನೆ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಚಹಾ ಕುಡಿಯುತ್ತ ಕೂತಿದ್ದೆ. ಎದುರಿನ ಬೆಂಚಿನಲ್ಲಿದ್ದ ಹಿರಿಯರೊಬ್ಬರ ಕೈಯಲ್ಲಿ ಚಹಾದ ಕಪ್ಪು ಸಾಸರಿಗೆ ಬಡಿದು ಕಿಣಿಕಿಣಿ ಎನ್ನುತ್ತಿತ್ತು. ಸುತ್ತಲಿನವರೆಲ್ಲ ನೋಡಿದರು. ನಾನು ಮಾತ್ರ ಬಸ್ಸಿನ ಬೋರ್ಡು ಓದುವವನಂತೆ ಮುಖ ತಿರುಗಿಸಿದೆ. ಸೊಕ್ಕಿನಿಂದಲ್ಲ. ನಡುಗುವ ಕೈಗಿಂತ ಅದನ್ನು ನೋಡುವ ಕಣ್ಣುಗಳೇ ಹೆಚ್ಚು ಅಂಜಿಸುತ್ತವೆ ಎಂದು ನನಗೆ ತಿಳಿಸಿದವಳು ನನ್ನ ಅಕ್ಕ.

ಅಕ್ಕನನ್ನು ಹತ್ತಿರದ ಸೂಡಿ ಎಂಬ ಊರಿಗೆ ಕೊಟ್ಟಿದೆ. ಒಂದು ಕಾಲಕ್ಕೆ ಆಕೆಯ ಧೈರ್ಯ ನಮ್ಮ ಬಳಗದಲ್ಲೆಲ್ಲ ಮಾತಾಗಿತ್ತು. ಆಕೆಯ ಗಂಡ, ಅಂದರೆ ನನ್ನ ಮಾವ, ಜ್ವರದಿಂದ ಮಲಗಿದ್ದಾಗ ತಾನೇ ಬಂಡಿ ಕಟ್ಟಿ ಕಡಲೆ ಚೀಲಗಳನ್ನು ಸಂತೆಗೆ ಹೊಡೆದುಕೊಂಡು ಹೋದವಳು. ಅಂದು ಹಿಂದೆ ಕೂತಿದ್ದ ಗಂಡಸು ನಾನೇ. ಹಳ್ಳದ ಇಳಿಜಾರಿನಲ್ಲಿ ಎತ್ತುಗಳು ಓಡತೊಡಗಿದಾಗ ಅಕ್ಕ ಹಗ್ಗ ಹಿಡಿದಿದ್ದಳು, ನಾನು ಚೀಲ ಹಿಡಿದಿದ್ದೆ. ಬಂಡಿ ನಿಂತ ಮೇಲೂ ಬಿಟ್ಟಿರಲಿಲ್ಲ.

ಅಂಥವಳು ಅಂಜತೊಡಗಿದಳು. ನಿಮಗೆ ವಿಚಿತ್ರ ಎನಿಸಬಹುದು, ಕೈ ನಡುಗುವ ಮೊದಲೇ ಅಂಜಿಕೆ ಬಂದಿತ್ತು. ಸಂಜೆಯಾದರೆ ರೋಣದಲ್ಲಿದ್ದ ನನಗೆ ಫೋನು.

“ತಮ್ಮಾ, ಎದಿ ಢವಢವ ಅನ್ನಾಕತ್ತೈತಿ. ಏನೋ ಆಗತೈತಿ ಅನಸತೈತಿ.”

“ಏನ ಆಗತೈತಿ?”

“ಅದ ಗೊತ್ತಾಗವಲ್ದು.”

ಬಸ್ಸು ಹತ್ತುವುದನ್ನು ಬಿಟ್ಟಳು. ನಾಲ್ಕು ಜನ ಸೇರುವ ಕಡೆ ಹೋಗುವುದನ್ನೂ ಬಿಟ್ಟಳು. ಮಾವ ಅಂತ್ರ, ತಾಯತ ಕಟ್ಟಿಸಿದರು. ದವಾಖಾನೆಯಲ್ಲಿ ಎದೆ ತಪಾಸಣೆ ಮಾಡಿಸಿದೆವು. ಹೃದಯಕ್ಕೆ ಏನೂ ಆಗಿಲ್ಲ ಎಂದರು. ಹಾಗಾದರೆ ರೋಗವೇ ಇಲ್ಲವೆಂದು ನಾವೇ ತೀರ್ಮಾನಿಸಿಬಿಟ್ಟೆವು. ಚೀಲ ಅಪ್ಪಿಕೊಂಡು ಕೂತಿದ್ದ ನಾನು ಆಕೆಗೆ ದಿನವೂ ಧೈರ್ಯದ ಪಾಠ ಹೇಳುತ್ತಿದ್ದೆ.

ಮುಂದೆ ಬಲಗೈ ಹೆಬ್ಬೆರಳು ನಡುಗತೊಡಗಿತು. ಹೆಜ್ಜೆ ಸಣ್ಣವಾದವು. ಹೊಸ್ತಿಲ ಹತ್ತಿರ ಬಂದರೆ ಕಾಲು ನೆಲಕ್ಕೆ ಅಂಟಿಕೊಂಡವರಂತೆ ನಿಂತುಬಿಡುತ್ತಿದ್ದಳು. ಹುಬ್ಬಳ್ಳಿಯ ನರರೋಗದ ಡಾಕ್ಟರು ಆಕೆಯನ್ನು ನಡೆಸಿ, ಬೆರಳು ಆಡಿಸಿ ನೋಡಿ, ಪಾರ್ಕಿನ್ಸನ್ ರೋಗ ಎಂದರು. ನಾನು ನಡುಕದ ವಿಚಾರ ಕೇಳುತ್ತಿದ್ದರೆ ಅವರು ಅಕ್ಕನ ಕಡೆ ತಿರುಗಿದರು.

“ಅಂಜಿಕಿ ಬರತೈತೇನ್ರಿ ತಾಯಿ?”

ಅಕ್ಕ ಮಾವನ ಮುಖ ನೋಡಿ, ಹೌದೆಂದು ಗೋಣು ಹಾಕಿದಳು.

“ಮಿದುಳಿನ್ಯಾಗ ಅಂಜಿಕಿ ಏಳೋ ಜಾಗಾ ಒಂದೈತ್ರಿ. ಅದಕ್ಕ ‘ಏನೂ ಆಗಿಲ್ಲ, ಸುಮ್ಮನಿರು’ ಅಂತ ಹೇಳೋ ಜಾಗಾ ಬ್ಯಾರೆ. ಎರಡೂ ಒಂದಕ್ಕೊಂದು ಮಾತಾಡ್ಕೋತ ಇರತಾವು. ಈ ರೋಗದಾಗ ಕೆಲವರಿಗೆ ಆ ಮಾತುಕತಿ ಹದ ತಪ್ಪತೈತಿ. ಹ್ಯಾಂಗ ಅಂತ ಪೂರಾ ನಮಗೂ ಇನ್ನಾ ತಿಳಿದಿಲ್ಲ, ಹುಡಕಾಕತ್ತಾರ. ಆದ್ರ ನಡುಕಿನಂಗ ಇದೂ ರೋಗದ ಭಾಗನ. ಇದಕ್ಕೂ ಔಷಧ ಐತಿ.”

“ಹಂಗಾರ ನಾ ಅಂಜುಬುರುಕಿ ಅಲ್ಲೇನ್ರಿ?”

“ಖರೇನ ಅಲ್ರಿ.”

ವಾಸಿಯಾಗದ ರೋಗದ ಹೆಸರು ಕೇಳಿ ಯಾರಾದರೂ ಹಗುರಾಗುತ್ತಾರೆಯೇ? ಅಕ್ಕ ಆದಳು. ಹೊರಗೆ ಬಂದು ಸೆರಗಿನಿಂದ ಕಣ್ಣೊರೆಸಿಕೊಂಡು, “ಇಬ್ಬರೂ ಕೇಳಿದ್ರಿಲ್ಲೋ?” ಎಂದಳು. ಮಾವ ಆಕೆಯ ಕೈಚೀಲವನ್ನು ತಾವು ಹಿಡಿದುಕೊಂಡರು.

ಮಾತ್ರೆಗಳಿಂದ ನಡುಕ ತಗ್ಗಿತು. ಅಂಜಿಕೆಯೂ ತಗ್ಗಿತು, ಆದರೆ ಪೂರ್ತಿ ಹೋಗಲಿಲ್ಲ. ಅಷ್ಟರಲ್ಲಿ ರೋಣದಲ್ಲಿ ನನ್ನ ಮೊಮ್ಮಗಳಿಗೆ ಹೆಸರಿಡುವ ಕಾರ್ಯ ಬಂತು. ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು. ನನ್ನ ಮಗನಿಗೆ ಅಕ್ಕತಂಗಿಯರಿಲ್ಲ. ಅವನಿಗೆ ಹೆಸರು ಹೇಳಿದ ನನ್ನ ಅಕ್ಕನೇ ಅವನ ಮಗಳಿಗೂ ಹೇಳಬೇಕಿತ್ತು. ಅಕ್ಕ ಫೋನಿನಲ್ಲಿ ಒಲ್ಲೆನೆಂದಳು.

“ಕೂಸು ಕೈಯಾಗಿಂದ ಜಾರಿದ್ರ?”

‘ಅಂಜಬ್ಯಾಡ’ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಸೊಸೆ ನನ್ನಿಂದ ಫೋನು ಇಸಿದುಕೊಂಡಳು. “ಅತ್ತೀ, ನೀವು ಎತ್ಕೊಳ್ಳೋದ ಬ್ಯಾಡ್ರಿ. ಕೂಸು ತೊಟ್ಟಿಲದಾಗ ಇರತೈತಿ. ಬಗ್ಗಿ ಹೇಳಿದ್ರ ಸಾಕು. ಅಂಜಿಕಿ ಬಂದ್ರ ಬರ್ಲಿ, ಅದನ್ನೂ ಕರಕೊಂಡ ಬರ್ರಿ.”

ಬಂದಳು. ಬಾಗಿಲಿಗೆ ಬಂದವಳು ಹೊಸ್ತಿಲ ಮುಂದೆ ನಿಂತುಬಿಟ್ಟಳು. ಒಳಗೆ ತುಂಬಿದ್ದ ಹೆಂಗಸರೆಲ್ಲ ಇತ್ತಲೇ ನೋಡುತ್ತಿದ್ದರು. ಅಕ್ಕನ ಹಣೆ ಬೆವರಿತ್ತು, ನನ್ನ ತೋಳಿನಲ್ಲಿ ಆಕೆಯ ಉಗುರು ನಟ್ಟಿದ್ದವು. ನಾನು ಎಳೆಯಲಿಲ್ಲ, ಲಗೂ ಬಾ ಎನ್ನಲಿಲ್ಲ. “ನಿಲ್ಲೂಣು ಬಿಡು, ಏನ ಗಡಿಬಿಡಿ?” ಎಂದು ನಾನೂ ನಿಂತೆ. ಊರ ಮಳೆಯ ಸುದ್ದಿ ಕೇಳಿದೆ. ಆಕೆ ಉತ್ತರ ಹೇಳುತ್ತ ಹೇಳುತ್ತ ಕಾಲೆತ್ತಿ ಒಳಗಿಟ್ಟಳು.

ತೊಟ್ಟಿಲ ಮೇಲೆ ಬಗ್ಗಿ ಹೆಸರು ಹೇಳಿದಳು. ರೋಗಕ್ಕೆ ಆಕೆಯ ದನಿಯೂ ಸಣ್ಣದಾಗಿತ್ತು. ಕೂಸಿಗೊಂದು ಬಿಟ್ಟು ಯಾರಿಗೂ ಕೇಳಿಸಲಿಲ್ಲ. ಹೆಸರು ಹೇಳಿದವಳ ಬೆನ್ನಿಗೆ ಹೆಂಗಸರು ಗುದ್ದುವುದು ನಮ್ಮ ಕಡೆಯ ಪದ್ಧತಿ. ಆಕೆಯ ನಡುಕ ಕಂಡು ಎತ್ತಿದ ಕೈಗಳೆಲ್ಲ ಅಲ್ಲೇ ನಿಂತವು. ಬಗ್ಗಿದಲ್ಲಿಂದಲೇ ಅಕ್ಕ ಹೊರಳಿ ನೋಡಿದಳು.

“ಯಾಕ ನಿಂತೀರಿ? ಹೊಡೀರಿ! ಬೆನ್ನ ಏನ ನಡಗಾಕತ್ತಿಲ್ಲ.”

ಮನೆಯೆಲ್ಲ ನಗೆಯಾಯಿತು. ಗುದ್ದುಗಳೂ ಬಿದ್ದವು.

ಮೊನ್ನೆ ನಾನು ಹೊರಟಿದ್ದೂ ಸೂಡಿಗೇ. ಮಗ, ಸೊಸೆ ಕೂಸಿನ ಜೊತೆ ಬೈಕಿನಲ್ಲಿ ಮೊದಲೇ ಹೋಗಿದ್ದರು. ಹೋಗಿ ನೋಡುತ್ತೇನೆ, ಅಕ್ಕ ಕೌದಿ ಹಾಸಿ, ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದಾಳೆ. ಮೊಮ್ಮಗಳು ಆಕೆಯ ತೊಡೆಯ ಮೇಲೆ ಬೋರಲು ಮಲಗಿ ನಿದ್ದೆ ಹೋಗಿದ್ದಾಳೆ. ಪುಟ್ಟ ಬೆನ್ನ ಮೇಲಿಟ್ಟ ಅಕ್ಕನ ಬಲಗೈ ಸಣ್ಣಗೆ ನಡುಗುತ್ತಿತ್ತು. ಪಕ್ಕದಲ್ಲಿ ಕೂತೆ. ಯಾವ ಉಪದೇಶವೂ ನಾಲಗೆಗೆ ಬರಲಿಲ್ಲ.

“ಅಂಜಿಕಿ ಐತೇನಕ್ಕಾ?” ಎಂದೆ.

“ಐತೋ ತಮ್ಮಾ,” ಎಂದಳು. “ಮೆತ್ತಗ ಮಾತಾಡು, ಕೂಸು ಎದ್ದೀತು.”