ಮೂರನೆಯ ಹಿಡಿ

ಕರ್ಪೂರದ ಡಬ್ಬಿಯ ಮುಚ್ಚಳ ತೆಗೆದರೆ ಒಳಗೆ ವಾಸನೆಯಷ್ಟೇ ಉಳಿದಿತ್ತು. ಹಿಂದಿನ ಶ್ರಾವಣದಲ್ಲಿ ಹೆಂಡತಿ ತಂದಿಟ್ಟ ಡಬ್ಬಿ ಅದು. ದೀಪಾವಳಿಗೆ ಮೊದಲೇ ಆಕೆ ತೀರಿಕೊಂಡಳು. ಆಮೇಲೆ ನಾನದನ್ನು ಮುಟ್ಟಿರಲಿಲ್ಲ. ಮುಚ್ಚಳ ಸರಿಯಾಗಿ ಕೂತಿರಲಿಲ್ಲವೇನೋ, ಬಿಲ್ಲೆಗಳೆಲ್ಲ ಗಾಳಿಗೆ ಹಾರಿಹೋಗಿದ್ದವು. ವಿಜಯಪುರದ ಈ ಮನೆಯಲ್ಲಿ ಈಗ ದೇವರ ಜಗಲಿಗೆ ದೀಪ ಹಚ್ಚುವವನು ನಾನೊಬ್ಬನೇ. ಖಾಲಿ ಡಬ್ಬಿಯನ್ನು ಮೂಗಿಗೆ ಹಿಡಿದು ಹಾಗೇ ನಿಂತೆ. ತಿಕೋಟಾದ ಮಾಸ್ತರರು ನೆನಪಾದರು...

ಅವರು ಉರ್ದು ಶಾಲೆಯಿಂದ ನಿವೃತ್ತರಾದವರು. ತಿಕೋಟಾದ ಅಂಚೆ ಕಚೇರಿಯಲ್ಲಿ ನನಗೆ ಮೊದಲ ನೌಕರಿ ಸಿಕ್ಕಾಗ ತಮ್ಮ ಮನೆಯ ಮುಂದಿನ ಖೋಲಿಯನ್ನು ಬಾಡಿಗೆಗೆ ಕೊಟ್ಟರು. ಅವರ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅಷ್ಟು ದೊಡ್ಡ ಮನೆಯಲ್ಲಿ ಒಬ್ಬರೇ ಕೆಮ್ಮುತ್ತ, ಒಬ್ಬರೇ ಚಹಾ ಕಾಸಿಕೊಳ್ಳುತ್ತ ಇದ್ದರು. ಲಿಂಗಾಯತರ ಮನೆಯ ನಾನು ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಹೊರಬಂದರೆ ಹಣೆ ನೋಡಿ ನಗುತ್ತಿದ್ದರು. "ಇವತ್ತ ಒಂದು ಬಟ್ಟು ಸೊಟ್ಟಗ ಬಿದ್ದೈತಿ ನೋಡು ತಮ್ಮಾ. ಹೋಗಿ ಸರಿ ಮಾಡ್ಕೊಂಡು ಬಾ." ನಾನೂ ಹೋಗಿ ಸರಿಮಾಡಿಕೊಂಡು ಬರುತ್ತಿದ್ದೆ.

ಅಲ್ಲಿಗೆ ಹೋದ ಮೊದಲ ಬೇಸಿಗೆ. ಊರೆಲ್ಲ ಒಣದ್ರಾಕ್ಷಿಯ ವಾಸನೆ. ಒಂದು ದಿನ ಮಾಸ್ತರರು ಅಂಗಳದ ಹಗ್ಗದ ಮೇಲೆ ಉದ್ದನೆಯ ಬಿಳಿ ಬಟ್ಟೆ ಹರವಿದ್ದರು. ಒಂದು ಕಲೆಯಿಲ್ಲ, ಅಂಚಿಗೊಂದು ಹೊಲಿಗೆಯಿಲ್ಲ. ಮಾತಿಗೆ ಸಿಕ್ಕಿತೆಂದು ನಾನು ಕೈಯಲ್ಲಿ ಹಿಡಿದು ನೋಡಿ, "ಧೋತರ ಭಾಳ ಚಲೋ ಐತಲ್ರಿ ಮಾಸ್ತರ್ರ. ಎಲ್ಲಿ ತಗೊಂಡ್ರಿ? ನಮ್ಮಪ್ಪಗೂ ಒಂದು ಬೇಕಾಗಿತ್ತು" ಎಂದೆ.

"ನಿಮ್ಮಪ್ಪಗ ಇದು ಬ್ಯಾಡ ತಮ್ಮಾ" ಎಂದರು ಶಾಂತವಾಗಿ. "ಇದು ನನ್ನ ಕಡೀ ಅರಿವಿ. ಕಫನ್. ಆಕಿ ಹೋದಾಗ ಅರಿವಿ ತರಾಕ ನಾನ ಪ್ಯಾಟಿಗೆ ಓಡಬೇಕಾತು. ನನ್ನ ಪಾಳಿ ಬಂದಾಗ ಓಡೋರು ಯಾರು? ಅದಕ್ಕ ಮೊದಲ ತಂದಿಟ್ಟೇನಿ."

ನನ್ನ ಕೈ ಹಿಂದಕ್ಕೆ ಬಂತು. ಅವರಿಗೆ ನಗು. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಮಡಚಿ, ಮಡಿಕೆಯೊಳಗೆ ಕರ್ಪೂರದ ಪೊಟ್ಟಣ ಇಟ್ಟು ತಗಡಿನ ಟ್ರಂಕಿಗೆ ಸೇರಿಸುವುದು ಅವರ ಪದ್ಧತಿ. ಹೆಣಕ್ಕೆ ಸ್ನಾನ ಮಾಡಿಸಿದ ಮೇಲೆ ಆ ಕರ್ಪೂರವನ್ನು ನಮಾಜಿನಲ್ಲಿ ನೆಲಕ್ಕೆ ತಾಗುವ ಜಾಗಗಳಿಗೆ ಹಚ್ಚುತ್ತಾರಂತೆ. ಹಣೆ, ಮೂಗು, ಅಂಗೈ, ಮೊಣಕಾಲು, ಪಾದ... ನಮ್ಮಲ್ಲಿ ಕರ್ಪೂರವೆಂದರೆ ದೇವರ ಮುಂದೆ ಉರಿದು ಏನೂ ಉಳಿಯದಂತೆ ಹೋಗುವುದು. ಅವರಲ್ಲಿ ಅದು ದೇವರಿಗೆ ಬಾಗಿದ ಮೈಯ ಗುರುತು. ಆ ವರ್ಷ ಹಳೆಯ ಪೊಟ್ಟಣ ಬಿಚ್ಚಿ ನನಗೆ ತೋರಿಸಿದರು. ಬರೀ ಕಾಗದ.

"ನೋಡು, ಕರ್ಪೂರ ಹಾರಿ ಹೋತು. ನಾ ಇನ್ನೂ ಇಲ್ಲೇ ಕುಂತೇನಿ."

ಸಂಜೆ ಕಚೇರಿ ಮುಗಿಸಿ ಬಂದರೆ ಕಟ್ಟೆಯ ಮೇಲೆ ಇಬ್ಬರದೂ ಚಹಾ. ದೇವರು ಒಬ್ಬನೇ ಎನ್ನುವುದರಲ್ಲಿ ನಮಗೆ ಜಗಳವಿರಲಿಲ್ಲ. ನಾನು ಅವನನ್ನು ಕೊರಳಲ್ಲಿ ಕಟ್ಟಿಕೊಂಡಿದ್ದೆ, ಅವರು ಅವನಿಗೆ ಆಕಾರವೇ ಇಲ್ಲ ಎನ್ನುತ್ತಿದ್ದರು, ಅಷ್ಟೇ. ಇಬ್ಬರಲ್ಲೂ ಸತ್ತವರನ್ನು ಹೂಳುವುದು. "ನಿಮ್ಮವರು ಕುಂತು ಹೊಕ್ಕಾರ, ನಮ್ಮವರು ಮಲಕೊಂಡು ಹೊಕ್ಕಾರ. ಕುಣಿ ತೋಡಾವಗ ನಿಮ್ಮವರದ ತ್ರಾಸ ಹೆಚ್ಚು" ಎಂದು ಚುಡಾಯಿಸುತ್ತಿದ್ದರು. ಜಗಳ ಹತ್ತುತ್ತಿದ್ದದ್ದು ಮಣ್ಣಿನೊಳಗೆ ಹೋದ ಮೇಲಿನ ಮಾತಿಗೆ.

"ನಮ್ಮಲ್ಲಿ ಲಿಂಗದಾಗ ಒಂದಾಗೂದ್ರಿ" ಎಂದೆ ಒಮ್ಮೆ. "ಹಾಲಾಗ ಸಕ್ರಿ ಕರಗಿದಂಗ. ಆಮ್ಯಾಲ ಸಕ್ರಿ ಅಂತ ಬ್ಯಾರೆ ಉಳಿಯೂದಿಲ್ಲ."

ಅವರು ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟರು. "ಹಂಗ ಕರಗಿಬಿಟ್ರ ನಾ ಆಕಿನ್ನ ಗುರ್ತು ಹಿಡಿಯೂದು ಹೆಂಗೋ?"

ನಾನು ನಕ್ಕುಬಿಟ್ಟೆ. ಇನ್ನೂ ಮದುವೆಯಾಗದವನು, ಓದಿದ ನಾಲ್ಕು ಪುಸ್ತಕದ ಸೊಕ್ಕು ಬೇರೆ. 'ನಾನು' ಎಂಬುದು ಹೋಗಬೇಕೆಂದೇ ಅಲ್ಲವೇ ಧರ್ಮ ಇರುವುದು ಎಂದು ಅವರಿಗೇ ಪಾಠ ಹೇಳಿದೆ. ಆ ನಗು ಈಗಲೂ ನನ್ನನ್ನು ಚುಚ್ಚುತ್ತದೆ.

ಅವರು ಸಿಟ್ಟಾಗಲಿಲ್ಲ. "ಕಯಾಮತ್ ಅಂದ್ರ ಲೋಕದ ಕಡೀ ದಿನ, ಸತ್ತೋರನ್ನ ಒಬ್ಬೊಬ್ಬರನ್ನ ಹೆಸರು ಹಿಡದು ಎಬ್ಬಸ್ತಾರ ತಮ್ಮಾ. ಆಕಿ ಹೆಸರು ಕರದಾಗ ನಾ ಅಲ್ಲೇ ಎಲ್ಲೆರ ನಿಂತಿರ್ತೇನಿ. ನನಗ ಅಷ್ಟ ಸಾಕು" ಎಂದರು. ಆಮೇಲೆ ಒಂದು ಮಾತು ಕೇಳಿದರು. "ನನಗ ಮೂರು ಹಿಡಿ ಮಣ್ಣು ಹಾಕಾಕ ನೀ ಬಾ. ಮೊದಲಿಂದು ಮಣ್ಣಿಂದ ಬಂದದ್ದಕ್ಕ, ಎರಡನೇದು ಮಣ್ಣಿಗಿ ಹೋದದ್ದಕ್ಕ, ಮೂರನೇದು ಎದ್ದು ಬರೂದಕ್ಕ. ಮಗ ಇದ್ದಿದ್ರ ಹಾಕ್ತಿದ್ದ."

ಬರುತ್ತೇನೆ ಎಂದು ಮಾತು ಕೊಟ್ಟೆ.

ಕೆಲವು ವರ್ಷಗಳಲ್ಲಿ ನನಗೆ ವಿಜಯಪುರಕ್ಕೆ ವರ್ಗವಾಯಿತು, ಮದುವೆಯೂ ಆಯಿತು. ತಿಕೋಟಾಕ್ಕೆ ಹೋಗುವುದು ತಿಂಗಳಿಗೊಮ್ಮೆ, ಆಮೇಲೆ ರಮಜಾನಿಗೊಮ್ಮೆ ಆಯಿತು. ಒಂದು ಬೆಳಿಗ್ಗೆ ಅವರ ಪಕ್ಕದ ಮನೆಯವರ ಫೋನು. ಮಾಸ್ತರರು ಬೆಳಗಿನ ನಮಾಜಿನ ಹೊತ್ತಿಗೆ ಹೋಗಿಬಿಟ್ಟರಂತೆ. "ಸಂಜಿಮಟ ಬರ್ತೇನ್ರಿ" ಎಂದು ನಾನು ಅವಸರದಲ್ಲಿ ಫೋನಿಟ್ಟೆ. ಅವರೇನೋ ಹೇಳಲು ಶುರುಮಾಡಿದ್ದು ಕಿವಿಗೆ ಬಿದ್ದರೂ ನಿಲ್ಲಲಿಲ್ಲ. ನಮ್ಮಲ್ಲಿ ಹೆಣವನ್ನು ಗೋಡೆಗೆ ಕೂಡ್ರಿಸಿ, ಭಜನೆ ಹಚ್ಚಿ, ದೂರದ ಬೀಗರೆಲ್ಲ ಬರುವವರೆಗೆ ಕಾಯುತ್ತಾರೆ. ಎಲ್ಲ ಕಡೆಯೂ ಹಾಗೇ ಎಂದುಕೊಂಡೆ. ಅಷ್ಟು ಸಂಜೆ ಅವರೊಂದಿಗೆ ಸಾವಿನ ಮಾತಾಡಿದ್ದೆ, ಇದೊಂದನ್ನು ಕೇಳಿರಲಿಲ್ಲ. ಕಚೇರಿಯ ಕೆಲಸ ಮುಗಿಸಿ, ಚೆಂಡುಹೂವಿನ ಹಾರ ಕಟ್ಟಿಸಿಕೊಂಡು ಬಸ್ಸು ಹತ್ತಿದೆ.

ಮನೆಗೆ ಬೀಗ ಬಿದ್ದಿತ್ತು. ಮಧ್ಯಾಹ್ನದ ನಮಾಜಿಗೇ ಎಲ್ಲ ಮುಗಿದಿತ್ತು.

"ನಮ್ಮಲ್ಲಿ ಇಟ್ಕೊಂಡು ಕೂಡೂದಿಲ್ರಿ. ಜಲ್ದಿ ಒಯ್ಯಬೇಕು" ಎಂದರು ಪಕ್ಕದ ಮನೆಯವರು, ನನ್ನ ಕೈಯ ಹಾರ ನೋಡಿ ದನಿ ತಗ್ಗಿಸಿ. "ಆದ್ರೂ ಮಣ್ಣು ಕೊಡೂಮುಂದ ನಿಮ್ಮ ಸಲುವಾಗಿ ಸ್ವಲ್ಪ ನಿಂತ್ವಿರಿ."

ಕಬರಸ್ತಾನದಲ್ಲಿ ಯಾರೂ ಇರಲಿಲ್ಲ. ಹೊಸ ಮಣ್ಣಿನ ಮೇಲೆ ಚಿಮುಕಿಸಿದ ನೀರು ಆಗಲೇ ಆರಿತ್ತು. ಹಾರವನ್ನು ಏನು ಮಾಡಬೇಕೋ ತಿಳಿಯದೆ ಪಕ್ಕದ ಜಾಲಿಗಿಡದ ಟೊಂಗೆಗೆ ಹಾಕಿದೆ. ಒಂದು ಹಿಡಿ ಮಣ್ಣು ಹಾಕಿದೆ. ಎರಡನೆಯದನ್ನೂ ಹಾಕಿದೆ. ಮೂರನೆಯದನ್ನು ಎತ್ತಿಕೊಂಡವನಿಗೆ ಹಾಕಲು ಕೈ ಬರಲಿಲ್ಲ. ಸತ್ತವರು ಎದ್ದು ಬರುತ್ತಾರೆಂದು ನಂಬದ ನಾನು ಅದನ್ನು ಅವರ ಮೈಮೇಲೆ ಹಾಕಿದರೆ ಸುಳ್ಳಾಗುತ್ತದೆ ಎನಿಸಿತು. ತಡವಾಗಿ ಬಂದ ತಪ್ಪಿನ ಮೇಲೆ ಇದೂ ಒಂದು ಬೇಡವೆಂದು ಮುಷ್ಟಿಯ ಮಣ್ಣನ್ನು ದಾರಿಯಲ್ಲಿ ಚೆಲ್ಲಿ ಬಂದೆ.

ನನ್ನ ಹೆಂಡತಿಯನ್ನು ಬಬಲೇಶ್ವರದ ಕಡೆ ಕಾಖಂಡಕಿಯ ನಮ್ಮ ಹೊಲದಲ್ಲಿ ಕೂಡ್ರಿಸಿ ಬಂದಿದ್ದೇವೆ. ಲಿಂಗೈಕ್ಯಳಾದಳು ಎಂದರು ಎಲ್ಲರೂ, ನಾನೂ ತಲೆಯಾಡಿಸಿದೆ. ಆದರೆ ಬೆಳಿಗ್ಗೆ ಒಂದೇ ಕಪ್ಪು ಚಹಾ ಕಾಸುವಾಗ, ಸಕ್ಕರೆ ಕದಡುವಾಗ, ಮಾಸ್ತರರ ಪ್ರಶ್ನೆ ಬಂದು ಎದುರಿಗೆ ಕೂರುತ್ತದೆ.

ಖಾಲಿ ಡಬ್ಬಿಯನ್ನು ಜಗಲಿಯ ಮೇಲಿಟ್ಟು ಅಂದೇ ತಿಕೋಟಾ ಬಸ್ಸು ಹತ್ತಿದೆ. ಕಬರಸ್ತಾನದಲ್ಲಿ ಆ ಜಾಲಿಗಿಡವೇ ಇರಲಿಲ್ಲ. ಕಲ್ಲಿಲ್ಲದ, ಹೆಸರಿಲ್ಲದ ಐದು ಮಣ್ಣಿನ ಗುಡ್ಡೆಗಳು ಒಂದರ ಪಕ್ಕ ಒಂದು. ಅವುಗಳಲ್ಲಿ ಅವರು ಯಾರು? ನಾನೂ ಗುರುತು ಹಿಡಿಯಲಾರದೆ ನಿಂತೆ...

ಕೊನೆಗೆ ಐದಕ್ಕೂ ಒಂದೊಂದು ಹಿಡಿ ಹಾಕಿದೆ, ಎಲ್ಲವೂ ಮೂರನೆಯದೇ. ಹಾಕುತ್ತ ಹಾಕುತ್ತ ಮಾಸ್ತರರ ಹೆಸರು ಹಿಡಿದು ಕರೆದೆ. ಕೊನೆಯದಕ್ಕೆ ಬಂದಾಗ ಬಾಯಿಂದ ಬಿದ್ದದ್ದು ಹೆಂಡತಿಯ ಹೆಸರು. ಆಕೆ ಇದ್ದಷ್ಟು ದಿನ 'ಏನಬೇ' ಎಂದೇ ಕರೆದವನು ನಾನು. ಹೆಸರು ಹಿಡಿದು ಕರೆದದ್ದು ಅದೇ ಮೊದಲು.